ನಿಂತು ನಿಂತು ಹೋದ ಜೀಪು

ಮೊನ್ನೆ ಬಸವೇಶ್ವರನಗರದಿಂದ ವಿಜಯನಗರಕ್ಕೆ ಆಟೋದಲ್ಲಿ ಹೋಗುತ್ತಿದ್ದೆ. ಮುಂದೆ ಒಂದು ಕಾರು. ಅದರ ಹಿಂದಿನ ಕೆಂಪು ದೀಪ ಆರುವುದೇ ಇಲ್ಲ. ನಿಂತರೂ ಉರಿಯುತ್ತದೆ, ಹೊರಟರೂ ಉರಿಯುತ್ತದೆ. ಆಟೋದವನಿಗೆ ತಲೆ ಕೆಟ್ಟುಹೋಯಿತು. “ಇವ್ನು ಯಾವಾಗ ಬ್ರೇಕ್ ಹಾಕ್ತಾನೆ, ಯಾವಾಗ ಬಿಡ್ತಾನೆ, ಹೆಂಗ್ ಗೊತ್ತಾಗ್ಬೇಕು ಆಂಟಿ? ಬ್ರೇಕ್ ಸ್ವಿಚ್ ಹೋಗಿರ್ಬೇಕು” ಎಂದ. “ಸ್ವಿಚ್ ಚೆನ್ನಾಗೇ ಇರುತ್ತೆ ಕಣಪ್ಪ. ಓಡಿಸ್ತಿರೋನ ಮನೇಲಿ ಏನೋ ಸರಿಯಿಲ್ಲ, ಅಷ್ಟೆ” ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖವನ್ನು ಒಮ್ಮೆ ನೋಡಿ ರೇಡಿಯೋ ಜೋರು ಮಾಡಿದ. ಅರವತ್ತು ದಾಟಿದ ಹೆಂಗಸು ಗಾಡಿಯ ರಿಪೇರಿ ಬಗ್ಗೆ ಮಾತಾಡಿದರೆ ಗಂಡಸರಿಗೆ ಹೀಗೇ ಆಗುತ್ತದೆ.

ನನಗೆ ಗಾಡಿ ಓಡಿಸಲು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೈಕಲ್ ಕಲಿಯಲು ಹೋಗಿ ಎದುರು ಮನೆಯವರ ಕಾಂಪೌಂಡಿಗೆ ಗುದ್ದಿದ ಮೇಲೆ ಚಕ್ರ ಇರುವ ಯಾವುದರ ಸಹವಾಸವೂ ಬೇಡವೆಂದು ತೀರ್ಮಾನಿಸಿದವಳು ನಾನು. ಆದರೆ ಗಾಡಿ ಯಾಕೆ ನಿಲ್ಲುತ್ತದೆ ಎನ್ನುವ ಒಂದು ವಿಷಯದಲ್ಲಿ ಮಾತ್ರ ನನಗೆ ಸಣ್ಣ ಜಂಬವಿದೆ. ಅದಕ್ಕೆ ಕಾರಣ ಅಪ್ಪನ ಜೀಪು.

ಎಂಬತ್ತರ ದಶಕದ ಮಧ್ಯಭಾಗ ಇರಬೇಕು. ಬಸವೇಶ್ವರನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ಒಂದಿಷ್ಟು ಸ್ಕೂಟರುಗಳಿದ್ದವು, ಡಾಕ್ಟರೊಬ್ಬರ ಕಾರಿತ್ತು. ಅಂಥ ಬೀದಿಗೆ ಒಂದು ಸಂಜೆ ಅಪ್ಪ ಹರಾಜಿನಲ್ಲಿ ಕೊಂಡ ಹಳೇ ಪೆಟ್ರೋಲ್ ಜೀಪನ್ನು ತಂದು ನಿಲ್ಲಿಸಿದರು. ಅದರ ಮೇಲೆ ಹೊಸದಾಗಿ ಕೆನೆ ಬಣ್ಣ ಬಳಿದಿದ್ದರೂ ಒಳಗಿನ ಹಸಿರು ಅಲ್ಲಲ್ಲಿ ಇಣುಕುತ್ತಿತ್ತು. ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತರು, ಸಂತೆಯಲ್ಲಿ ಬದನೆಕಾಯಿ ಕೊಳ್ಳಲೂ ಎರಡು ಸಲ ಯೋಚಿಸುವ ಮನುಷ್ಯ. ಬೀದಿಯವರೆಲ್ಲ “ಏನ್ ಸಾರ್, ಜಮೀನ್ದಾರ್ರಾಗಿಬಿಟ್ರಾ?” ಎಂದು ನಗೆಯಾಡಿದರು. ಅಪ್ಪ ನಕ್ಕು ಬಾನೆಟ್ಟಿನ ಧೂಳು ಒರೆಸಿದರು. ಜೀಪು ಯಾಕೆ ಬಂತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಗಿರಿಜಕ್ಕ, ನನ್ನ ಅಕ್ಕ, ಎರಡನೇ ಸಲ ಬಸುರಿಯಾಗಿದ್ದಳು. ಭಾವ ಹಿರೇಕೆರೂರಿನ ಆಚೆ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಪದ್ಧತಿ. ಮೊದಲ ಸಲ ಅಪ್ಪ ಹೊರಟು ನಿಂತಿದ್ದರು. ಅವ್ವ ಪಂಚಾಂಗ ನೋಡಿ, “ಅಮಾವಾಸಿ ಕಳೀಲಿ, ಆಮೇಲೆ ಹೋಗಿ ಕರ್ಕೊಂಡು ಬರ್ರಿ” ಎಂದಳು. ಅಮಾವಾಸ್ಯೆ ಕಳೆಯುವ ಮೊದಲೇ ಅಕ್ಕನಿಗೆ ದಿನ ತುಂಬದೆ ನೋವು ಬಂತು. ಊರಿನ ಒಂದೇ ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿಯಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಆ ಮೇಲೆ ನಮ್ಮ ಮನೆಯಲ್ಲಿ ಅಮಾವಾಸ್ಯೆ ಎಂಬ ಮಾತೇ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಕ್ಕ ಒಂದು ದಿನವಾದರೂ ಅವ್ವನನ್ನು ದೂರಲಿಲ್ಲ. ಬೈದಿದ್ದರೆ ಅವ್ವನಿಗೆ ಎಷ್ಟೋ ಹಗುರವಾಗುತ್ತಿತ್ತೇನೋ, ನನಗೆ ಈಗ ಹಾಗನ್ನಿಸುತ್ತದೆ.

ಎರಡನೇ ಸಲ ಅವ್ವ ಪಂಚಾಂಗ ಮುಟ್ಟಲೇ ಇಲ್ಲ. ಐದನೇ ತಿಂಗಳಿಗೇ ಅಕ್ಕನನ್ನು ಕರೆದುಕೊಂಡು ಬಂದೆವು. ಮಲ್ಲೇಶ್ವರದ ಒಂದು ನರ್ಸಿಂಗ್ ಹೋಮಿನಲ್ಲಿ ಹೆಸರು ಬರೆಸಿಯಾಯಿತು. ಮನೆ ಬಾಗಿಲಲ್ಲಿ ಜೀಪು ನಿಂತಿತ್ತು. ನೋವು ಬಂದರೆ ಬಸ್ಸಿಗೂ ಕಾಯಬೇಕಿಲ್ಲ, ಆಟೋದವನ ಕಾಲೂ ಹಿಡಿಯಬೇಕಿಲ್ಲ. ಎಲ್ಲ ಸರಿ, ಆದರೆ ಜೀಪು ನಿಲ್ಲುತ್ತಿತ್ತು.

ಸುಮ್ಮನೆ ನಿಲ್ಲುತ್ತಿತ್ತು ಅನ್ನಿ. ಮನೆಯಿಂದ ಹೊರಟಾಗ ಸಿಂಹ. ಒಂದಿಷ್ಟು ದೂರ ಹೋದ ಮೇಲೆ ಎರಡು ಸಲ ಮುಗ್ಗರಿಸಿ, ಗೊರ್ರೆಂದು ಕೆಮ್ಮಿ, ನಡುರಸ್ತೆಯಲ್ಲಿ ಸತ್ತು ಹೋಗುತ್ತಿತ್ತು. ಅಪ್ಪ ಬಾನೆಟ್ ಎತ್ತಿ, ಅಂಗಿಯ ತೋಳು ಮಡಿಸಿ, ಒಳಗೆ ಇಣುಕುತ್ತಿದ್ದರು. ಇಣುಕುವುದಷ್ಟೇ, ಏನು ನೋಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ನಾನು ಮತ್ತು ದಾರಿಹೋಕರು ತಳ್ಳುತ್ತಿದ್ದೆವು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗುತ್ತಿತ್ತು, ಏನೂ ಆಗಲೇ ಇಲ್ಲ ಎಂಬಂತೆ. ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ ನಾನು, ರಾಜಾಜಿನಗರದ ಬಸ್ ಸ್ಟಾಪಿನ ಎದುರಿಗೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪು ತಳ್ಳಿದ್ದೇನೆ, ಕ್ಲಾಸಿನ ಹುಡುಗರು “ಐಸಾ” ಎಂದು ಕೂಗುತ್ತಿದ್ದರು. ಆ ಅವಮಾನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇದಲ್ಲದೆ ಇನ್ನೊಂದು ಕಾಯಿಲೆ. ಹಿಂದಿನ ಬ್ರೇಕ್ ದೀಪ ಹಗಲೂ ಸಂಜೆಯೂ ಉರಿಯುತ್ತಲೇ ಇರುತ್ತಿತ್ತು. ಹಿಂದೆ ಬರುವ ಲಾರಿಯವರು ಹಾರ್ನ್ ಬಾರಿಸಿ, ಪಕ್ಕಕ್ಕೆ ಬಂದು, ಅಪ್ಪನ ವಂಶವನ್ನೆಲ್ಲ ವಿಚಾರಿಸಿಕೊಂಡು ಹೋಗುತ್ತಿದ್ದರು. ಸದಾ ಉರಿಯುವ ಎಚ್ಚರಿಕೆಯ ದೀಪಕ್ಕೆ ಬೆಲೆಯಿಲ್ಲ, ಅದನ್ನು ಯಾರೂ ನಂಬುವುದಿಲ್ಲ. ನಮ್ಮ ಸೋದರತ್ತೆಯೊಬ್ಬರು ಹಾಗೇ, ವರ್ಷವಿಡೀ “ನನಗೆ ಎದೆ ನೋವು” ಅನ್ನುತ್ತಿದ್ದರು. ನಿಜವಾಗಿ ಎದೆ ನೋವು ಬಂದ ದಿನ ಮನೆಯವರೆಲ್ಲ ಕಾಫಿ ಕುಡಿದು ನಿಧಾನವಾಗಿ ಎದ್ದರು. ಪುಣ್ಯಕ್ಕೆ ಅತ್ತೆ ಉಳಿದುಕೊಂಡರು. ಉಳಿದುಕೊಂಡು ಅದನ್ನೂ ಒಂದು ದೂರು ಮಾಡಿಕೊಂಡರು.

ಅವ್ವನಿಗೆ ಜೀಪಿನ ಮೇಲೆ ನಂಬಿಕೆ ಇರಲಿಲ್ಲ. ಆದರೆ ಶಿವನ ಮೇಲೆ ಇತ್ತು. ಹಾಗಾಗಿ ಪ್ರತಿ ಶುಕ್ರವಾರ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ತಟ್ಟೆ ಹಿಡಿದು ಹೊರಗೆ ಬರುತ್ತಿದ್ದಳು. ಬಾನೆಟ್ಟಿಗೆ ಮೂರು ಗೆರೆ, ಸ್ಟೇರಿಂಗಿಗೆ ಮೂರು ಗೆರೆ, ಕೊನೆಗೆ ಡ್ರೈವರ್ ಸೀಟಿನ ಪಕ್ಕದ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ. ಅಲ್ಲಿ ಮಾತ್ರ ಧಾರಾಳವಾಗಿ ಬಳಿಯುತ್ತಿದ್ದಳು. “ಅಲ್ಲಿಗ್ಯಾಕೆ ಅವ್ವಾ ಅಷ್ಟೊಂದು?” ಎಂದು ನಾನು ಕೇಳಿದೆ. “ಅದರ ಬಾಯಿ ಅದೇ ಅಲ್ಲೇನು? ಉಣ್ಣೋದು ಅಲ್ಲೇ. ಉಣ್ಣೋ ಬಾಯಿಗೆ ಶಿವನ ಹೆಸರು ಇರ್ಲಿ” ಎಂದಳು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವ್ವನ ಮಾತು ದಾವಣಗೆರೆಯನ್ನು ಬಿಟ್ಟು ಬಂದಿರಲಿಲ್ಲ. ಅಪ್ಪ ಭಾನುವಾರ ಜೀಪು ತೊಳೆಯುತ್ತಿದ್ದರು. ಬಾನೆಟ್ಟಿನ ಗೆರೆ ನೀರಿಗೆ ಹೋಗುತ್ತಿತ್ತು. ಮುಚ್ಚಳದ ಗೆರೆಯನ್ನು ಬೆರಳಿನಿಂದ ಕೆರೆದು ತೆಗೆಯಬೇಕಿತ್ತು, ಅದಕ್ಕೆ ಅಪ್ಪನಿಗೆ ಮನಸ್ಸು ಬರುತ್ತಿರಲಿಲ್ಲ. ವಿಭೂತಿ ಕೆರೆದು ತೆಗೆಯುವುದುಂಟೇ? ಶುಕ್ರವಾರದ ಮೇಲೆ ಶುಕ್ರವಾರ ಅದು ಪದರು ಪದರಾಗಿ ಒಣಗುತ್ತ ಬಂತು.

ಮಾಗಡಿ ರಸ್ತೆಯಲ್ಲಿ, ಹೆಗ್ಗನಹಳ್ಳಿಗೆ ತಿರುಗುವ ಕಡೆ, ಖಾದರ್ ಸಾಬರ ಶೆಡ್ಡು. ಜೀಪು ಅವರ ಕೈಗೆ ಹೋಯಿತು. ಸಾಬರು ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಪೆಟ್ರೋಲ್ ಪಂಪು ನೋಡಿದರು. ಕಾಯಿಲು ಬದಲಾಯಿಸಿದರು. ಪ್ಲಗ್ಗುಗಳನ್ನು ಉಜ್ಜಿದರು. ಬ್ರೇಕಿನ ಸ್ವಿಚ್ಚನ್ನಂತೂ ಒಂದಲ್ಲ, ಎರಡು ಸಲ ಹೊಸದು ಹಾಕಿದರು. ಶೆಡ್ಡಿನಲ್ಲಿ ಜೀಪು ಮಹಾ ಸಾಧು. ಗಂಟೆಗಟ್ಟಲೆ ಗುಡುಗುಡು ಅನ್ನುತ್ತ ನಿಂತಿರುತ್ತಿತ್ತು, ಕೆಂಪು ದೀಪವೂ ಪೆಡಲ್ ಒತ್ತಿದರೆ ಮಾತ್ರ ಹತ್ತುತ್ತಿತ್ತು. “ಏನ್ ಸಾರ್, ಗಾಡಿ ಫಸ್ಟ್ ಕ್ಲಾಸ್ ಐತೆ. ನೀವೇ ಸುಮ್ನೆ ಕಂಪ್ಲೇಂಟ್ ಮಾಡ್ತೀರಿ” ಎಂದು ಸಾಬರು ಸಿಟ್ಟಾಗುತ್ತಿದ್ದರು. ಡಾಕ್ಟರ ಎದುರು ಕೂತ ತಕ್ಷಣ ಜ್ವರ ಇಳಿಯುವ ಮಕ್ಕಳಿಲ್ಲವೇ, ಹಾಗೆ.

ಶೆಡ್ಡಿನಲ್ಲಿ ಜೀಪು ಯಾಕೆ ಸಾಧುವಾಗಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು. ಯಾವ ಗಾಡಿ ಬಂದರೂ ಸಾಬರು ಮೊದಲು ಮಾಡುವ ಕೆಲಸ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಕಣ್ಣು ಹಾಯಿಸುವುದು. ನಮ್ಮ ಜೀಪಿನದನ್ನು ಅವರು ಅಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿದು ತಿರುಗಿಸಿ, ಒಂದು ಒಗೆದ ಬಟ್ಟೆಯ ಮೇಲೆ ಇಡುತ್ತಿದ್ದರು. “ಅಮ್ಮಾವ್ರು ಪೂಜೆ ಮಾಡಿರೋದು, ನಮ್ ಗ್ರೀಸ್ ಕೈ ತಾಕಬಾರ್ದು” ಎನ್ನುತ್ತಿದ್ದರು. ರಿಪೇರಿ ಮುಗಿಯುವ ತನಕ ಅದು ಆ ಬಟ್ಟೆಯ ಮೇಲೇ ಇರುತ್ತಿತ್ತು. ಅಪ್ಪ ಭಕ್ತಿಯಿಂದ ಮುಟ್ಟಲಿಲ್ಲ, ಸಾಬರು ಮರ್ಯಾದೆಯಿಂದ ಮುಟ್ಟಲಿಲ್ಲ. ಇಡೀ ಜೀಪಿನಲ್ಲಿ ಯಾರೂ ಕೈಯಿಟ್ಟು ನೋಡದೆ ಬಿಟ್ಟ ಜಾಗ ಅದೊಂದೇ.

ಅಕ್ಕನಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಅಪ್ಪನಿಗೆ ನಿದ್ದೆಯೇ ಬಾರದಾಯಿತು. ಒಂದು ಭಾನುವಾರ ಸಾಬರನ್ನು ಕರೆದು, “ಶೆಡ್ಡಲ್ಲಿ ಬೇಡ, ನೀವು ರೋಡಲ್ಲೇ ನೋಡಿ” ಎಂದು ಗೋಗರೆದರು. ಅಪ್ಪ, ನಾನು ಜೀಪಿನಲ್ಲಿ, ಸಾಬರು ಹಿಂದೆ ತಮ್ಮ ಸ್ಕೂಟರಿನಲ್ಲಿ, ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆಗೆ ಹೊರಟೆವು. ಕೆಂಗೇರಿ ಇನ್ನೇನು ಬಂತು ಅನ್ನುವಾಗ ಜೀಪು ಎಂದಿನಂತೆ ಕೆಮ್ಮಿ ನಿಂತಿತು. ಸಾಬರು ಸ್ಕೂಟರ್ ನಿಲ್ಲಿಸಿ ಬಂದವರು ಬಾನೆಟ್ಟಿನ ಕಡೆ ನೋಡಲೇ ಇಲ್ಲ. ನೆಟ್ಟಗೆ ಅಪ್ಪನ ಪಾದ ನೋಡಿದರು.

“ಸಾರ್, ಬಲಗಾಲು ಎಲ್ಲೈತೆ?”

“ಎಲ್ಲಿದೆ ಅಂದ್ರೆ? ಕಾಲಲ್ಲೇ ಇದೆ” ಎಂದರು ಅಪ್ಪ ಗಾಬರಿಯಲ್ಲಿ.

“ಅಲ್ಲ ಸಾರ್, ಆಕ್ಸಿಲೇಟರ್ ಮೇಲೆ ಇರ್ಬೇಕಾದ್ದು. ನೀವು ಬೆರಳು ಆಕ್ಸಿಲೇಟರ್ ಮೇಲೆ ಇಟ್ಟು ಹಿಮ್ಮಡಿ ಬ್ರೇಕ್ ಮೇಲೆ ಇಟ್ಟಿದೀರ. ಮನೆಯಿಂದ ಇಲ್ಲೀತನಕ ಲೈಟ್ ಆಫೇ ಆಗಿಲ್ಲ. ಸ್ವಿಚ್ ಏನ್ ಮಾಡ್ತದೆ ಪಾಪ? ಎರಡು ಸ್ವಿಚ್ ಹಾಕ್ದೆ. ನಿಮ್ ಕಾಲು ಬದಲಾಯಿಸೋಕೆ ನನ್ ಕೈಲಾಗಲ್ಲ.”

ಚಕ್ರ ಮುಟ್ಟಿ ನೋಡಿದರೆ ಕೈ ಸುಡುತ್ತಿತ್ತು. ನಾನು ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ. “ಯಾವಾಗ ಏನು ಅಡ್ಡ ಬರುತ್ತೋ ಅಂತ ಭಯ ರೀ. ಆ ಹುಡುಗೀನ ಕೂರಿಸ್ಕೊಂಡು ಹೋಗ್ತಿದೀನಿ ಅಂತಾನೇ ಯಾವಾಗ್ಲೂ ಓಡಿಸ್ತೀನಿ” ಎಂದರು. ಸಾಬರು, “ಇನ್ಶಾ ಅಲ್ಲಾ, ಏನೂ ಆಗಲ್ಲ ಸಾರ್. ಕಾಲು ಮಾತ್ರ ತೆಗೀರಿ” ಎಂದರು. ಬ್ರೇಕು ಹಿಡಿದುಕೊಂಡೇ ಓಡುವುದರಿಂದ ಎಂಜಿನ್ ಏದುಸಿರು ಬಿಟ್ಟು ನಿಲ್ಲುತ್ತದೆ ಎಂದು ಅವರು ತೀರ್ಪು ಕೊಟ್ಟರು. ನಮಗೂ ಅದು ಸರಿ ಅನ್ನಿಸಿತು. ಒಂದೇ ಏಟಿಗೆ ಎರಡೂ ಕಾಯಿಲೆ ಹೋದವಲ್ಲ ಎಂದು ಕೆಂಗೇರಿಯಲ್ಲಿ ಮೂವರೂ ಬೋಂಡ ತಿಂದು ವಾಪಸ್ ಬಂದೆವು. ಬರುವಾಗ ಅಪ್ಪ ಪಾದವನ್ನು ಅಂಗಡಿಯಲ್ಲಿ ಹೊಸ ಚಪ್ಪಲಿ ಹಾಕಿ ನೋಡುವವರ ಹಾಗೆ ಎತ್ತಿ ಎತ್ತಿ ಇಡುತ್ತಿದ್ದರು. ಹೊರಡುವ ಮೊದಲು ಸಾಬರು ಅಭ್ಯಾಸದಂತೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದರು. ಜೀಪೂ ನಿಲ್ಲದೆ ಮನೆ ಮುಟ್ಟಿತು. ಆದ್ದರಿಂದ ಎಲ್ಲರಿಗೂ ನಂಬಿಕೆ ಬಂತು.

ಆಮೇಲೆ ಅಪ್ಪ ಜೀಪನ್ನು ದೂರ ಒಯ್ಯಲೇ ಇಲ್ಲ. ಸವೆದು ಹೋದೀತು ಎನ್ನುವಂತೆ ಎತ್ತಿಟ್ಟರು. ಬೆಳಗ್ಗೆ ಸ್ಟಾರ್ಟ್ ಮಾಡಿ ಬೀದಿಯಲ್ಲಿ ಒಂದು ಸುತ್ತು, ಅಷ್ಟೆ. ಅಷ್ಟಕ್ಕೆ ಅದು ನಿಲ್ಲುತ್ತಿರಲಿಲ್ಲ. ಅಕ್ಕನಿಗೆ ದಿನ ತುಂಬುತ್ತ ಬಂದಾಗ ಒಂದು ಗುರುವಾರ ಟ್ಯಾಂಕಿನ ಕಂಠದವರೆಗೆ ಪೆಟ್ರೋಲ್ ತುಂಬಿಸಿಕೊಂಡು ಬಂದರು. ಮಾರನೇ ದಿನ ಶುಕ್ರವಾರ. ಅವ್ವ ಅಂದು ಒಂದು ಗಟ್ಟಿ ಪೂರ್ತಿ ತೇಯ್ದಳು.

ಅದೇ ಮಧ್ಯಾಹ್ನ ಅಕ್ಕನಿಗೆ ನೋವು ಶುರುವಾಯಿತು.

ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಅಕ್ಕನನ್ನು ಒರಗಿಸಿದೆವು. ಒಂದು ಕಡೆ ಅವ್ವ, ಇನ್ನೊಂದು ಕಡೆ ನಾನು. ಅಪ್ಪ ಕಾಲನ್ನು ಎಲ್ಲಿಡಬೇಕೋ ಅಲ್ಲೇ ಇಟ್ಟು ನೆಟ್ಟಗೆ ಓಡಿಸಿದರು. ರಾಜಾಜಿನಗರದ ಏರು ಹತ್ತುವಾಗ ಜೀಪು ಮುಗ್ಗರಿಸಿತು. ಇನ್ನೊಂದು ಸಲ ಮುಗ್ಗರಿಸಿ, ಕೆಮ್ಮಿ, ನಿಂತೇ ಹೋಯಿತು. ಬಿಸಿಲು ರಣಗುಡುತ್ತಿತ್ತು, ರಸ್ತೆಯಲ್ಲಿ ಒಂದು ಆಟೋ ಇಲ್ಲ. ಅಕ್ಕ ಹಲ್ಲು ಕಚ್ಚಿ, “ಮತ್ತೆ ನಿಂತ್ಹೋಯ್ತಾ?” ಎಂದಳು. ಆ ‘ಮತ್ತೆ’ ಜೀಪಿನ ಬಗ್ಗೆ ಮಾತ್ರ ಹೇಳಿದ್ದಲ್ಲ ಅನ್ನಿಸಿತು.

ಅಪ್ಪ ಬಾನೆಟ್ ಎತ್ತಿದರು. ಅವಸರದಲ್ಲಿ ಬಾನೆಟ್ಟನ್ನು ಆನಿಸುವ ಕಂಬಿಯೇ ಅವರಿಗೆ ಸಿಗಲಿಲ್ಲ. ಅವ್ವ ಕೆಳಗಿಳಿದು ಹೋಗಿ, “ಪೆಟ್ರೋಲ್ ಐತೋ ಇಲ್ಲೋ ನೋಡ್ರೀ” ಎಂದಳು. ಜೀಪು ನಿಂತಾಗಲೆಲ್ಲ ಅವಳು ಕೇಳುತ್ತಿದ್ದುದು ಇದೊಂದೇ, ಅಪ್ಪನಿಗೆ ಉರಿಯುತ್ತಿದ್ದುದೂ ಇದಕ್ಕೇ.

“ನಿನ್ನೆ ತಾನೆ ಕಂಠಪೂರ್ತಿ ತುಂಬಿಸಿದೀನಿ ಕಣೇ! ಬಾ, ನೋಡು, ಕಣ್ಣಾರೆ ನೋಡ್ಕೋ!” ಎಂದು ಅಪ್ಪ ರೇಗಿ, ವಿಭೂತಿಯನ್ನೂ ಲೆಕ್ಕಿಸದೆ ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿದರು. ಸೊಯ್ಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು. ಹಿಂದೆ ಕೂತಿದ್ದ ನನಗೂ ಕೇಳಿಸಿತು.

ಅಪ್ಪ ಪೆಟ್ರೋಲ್ ತೋರಿಸುತ್ತಿದ್ದರು. ಅವ್ವ ಅದನ್ನು ನೋಡಲಿಲ್ಲ. ಅಪ್ಪನ ಕೈಯಿಂದ ಮುಚ್ಚಳ ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. ಅದರ ನಡುವೆ ಸಾಸಿವೆ ಕಾಳಿನಷ್ಟು ಒಂದು ತೂತು. ತೂತಿನ ತುಂಬ ಬಿಳಿ.

“ಎಣ್ಣಿ ಡಬ್ಬಿಗೆ ಒಂದೇ ತೂತು ಹೊಡದ್ರೆ ಎಣ್ಣಿ ಬರಂಗಿಲ್ಲರೀ” ಎಂದಳು ಅವ್ವ. “ಗಾಳಿ ಹೋಗಾಕ ಇನ್ನೊಂದು ತೂತು ಬೇಕು. ಆ ತೂತು ನಾನು ಮುಚ್ಚೀನಿ. ನಾನೇ ಮುಚ್ಚೀನಿ.”

ತಿಂಗಳು ತಿಂಗಳು ಶೇಂಗಾ ಎಣ್ಣೆಯ ಡಬ್ಬಿಗೆ ಮೊಳೆ ಹೊಡೆದು ಎರಡು ತೂತು ಮಾಡುವವಳು ಅವ್ವ. ಸಾಬರ ಶೆಡ್ಡಿನಲ್ಲಿ ಮುಚ್ಚಳ ಬಟ್ಟೆಯ ಮೇಲಿರುತ್ತಿತ್ತು, ಟ್ಯಾಂಕಿಗೆ ಗಾಳಿ ಹೋಗುತ್ತಿತ್ತು; ರಸ್ತೆಯಲ್ಲಿ ಹೋಗುತ್ತಿರಲಿಲ್ಲ. ಅಪ್ಪ ಏನೂ ಅರ್ಥವಾಗದೆ ನಿಂತಿದ್ದರು. ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಮುಚ್ಚಳದಲ್ಲಿ ತುಂಬಿದ್ದ ಶಿವನ ವಿಭೂತಿಯನ್ನು ಚುಚ್ಚಿ ಚುಚ್ಚಿ ಕೆರೆದು ತೆಗೆದಳು. ಊದಿದಳು. ತೂತಿನ ಆಚೆಯಿಂದ ಬೆಳಕು ಕಂಡ ಮೇಲೆ ಅಪ್ಪನ ಕೈಗೆ ಕೊಟ್ಟು, ಜೀಪು ಹತ್ತಿ ಅಕ್ಕನ ಪಕ್ಕ ಕೂತಳು. ಅಪ್ಪ ಕೀಲಿ ತಿರುಗಿಸಿದರು. ಜೀಪು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಲ್ಲೇಶ್ವರದ ತನಕ ಎಲ್ಲೂ ನಿಲ್ಲಲಿಲ್ಲ. ದೀಪ ಹೊತ್ತಿಸುವ ಹೊತ್ತಿಗೆ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ಚೆನ್ನಾಗಿ ಅಳುತ್ತಿತ್ತು.

ಇಲ್ಲಿಗೆ ಮುಗಿಸಿಬಿಟ್ಟರೆ ನಿಮಗೂ ಸುಖ, ನನಗೂ ಸುಖ. ಆದರೆ ಮನೆಗೆ ಬಂದ ಮೇಲೆ ಅವ್ವ ಮಾತು ನಿಲ್ಲಿಸಿದಳು. ಬಾಣಂತಿಗೂ ಕೂಸಿಗೂ ಎರೆಯುತ್ತಿದ್ದಳು, ಖಾರದ ಪುಡಿ ಕುಟ್ಟುತ್ತಿದ್ದಳು, ಲೋಬಾನ ಹಾಕುತ್ತಿದ್ದಳು. ಕೂಸನ್ನು ಮಾತ್ರ ತೊಡೆಯ ಮೇಲೆ ಮಲಗಿಸಿಕೊಂಡು ಆಡಿಸುತ್ತಿರಲಿಲ್ಲ, ಕೆಲಸ ಮುಗಿದೊಡನೆ ಅಕ್ಕನ ಪಕ್ಕಕ್ಕೆ ಹಾಕಿಬಿಡುತ್ತಿದ್ದಳು. ಅಪ್ಪ ಸಮಾಧಾನ ಹೇಳಲು ಹೋಗಿ, “ಯಾರಿಗೆ ಗೊತ್ತಿತ್ತು ಬಿಡೇ” ಎಂದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ನಗಿಸಲು ನೋಡಿ ಬೈಸಿಕೊಂಡೆ. ಶುಕ್ರವಾರ ಬಂತು. ಅವ್ವ ತಲೆಗೆ ನೀರು ಹಾಕಿಕೊಂಡಳು, ದೇವರ ಮುಂದೆ ದೀಪ ಹಚ್ಚಿದಳು. ವಿಭೂತಿ ತೇಯಲಿಲ್ಲ.

ಬಾಣಂತಿ ಕೋಣೆಯಿಂದ ಅಕ್ಕ ಕೂಗಿದಳು. “ಅವ್ವಾ, ಕೂಸಿನ ಹಣೆಗೆ ವಿಭೂತಿ ಹಚ್ಚಲ್ವಾ?”

“ನಿಮ್ಮಪ್ಪಗ ಹೇಳು, ಹಚ್ತಾರ. ನನ್ನ ಕೈ ಬ್ಯಾಡ.”

“ನಿನ್ನ ಕೈಗೆ ಏನಾಗಿದೆ?”

ಅವ್ವ ಬಾಗಿಲಿಗೆ ಬಂದು ನಿಂತಳು. ಇಷ್ಟು ವರ್ಷ ಆಡದೇ ಇದ್ದ ಮಾತನ್ನು ಒಂದೇ ಉಸಿರಿಗೆ ಆಡಿಬಿಟ್ಟಳು. “ಏನಾಗೇತಿ ಅಂತ ನಿನಗ ಗೊತ್ತಿಲ್ಲೇನು? ಹೋದ ಸಲ ಅಮಾವಾಸಿ ಅಂದೆ, ಒಂದು ಹೋತು. ಈ ಸಲ ವಿಭೂತಿ ಅಂತ ಇದರ ಜೀವಾನೂ ತೆಗೀತಿದ್ದೆ. ನನ್ನ ಭಕ್ತಿ ನಿನಗೇ ಯಾಕ ಮುಳುವಾಗತೈತಿ? ಬೈಯವ್ವ, ಒಮ್ಮೆನಾದ್ರೂ ಬೈ.”

ಅಕ್ಕ ಬೈಯಲಿಲ್ಲ. ಅಳಲೂ ಇಲ್ಲ. ನನಗೆ ಕಣ್ಸನ್ನೆ ಮಾಡಿದಳು, ನಾನು ವಿಭೂತಿ ತೇಯ್ದು ತಟ್ಟೆ ತಂದು ಅವಳ ಮುಂದೆ ಇಟ್ಟೆ. ಅಕ್ಕ ಕೂಸನ್ನು ಎತ್ತಿ ಅವ್ವನ ಕೈಯೊಳಗೆ ಇಟ್ಟು, ಸ್ವಲ್ಪ ಹೊತ್ತು ತನ್ನ ಕೈಯನ್ನೂ ಕೆಳಗೆ ಹಿಡಿದಿದ್ದಳು.

“ಹೋದ ಸಲ ನೀನು ನನ್ನ ಹತ್ರ ಇರ್ಲಿಲ್ಲ ಅವ್ವಾ, ಅದಕ್ಕೇ ಹಂಗಾಯ್ತು” ಎಂದಳು. “ಈ ಸಲ ಇದ್ದೆ. ಹಚ್ಚು.”

ಅವ್ವ ಅತ್ತಳು. ಬೀದಿಗೆ ಕೇಳುವಷ್ಟು ಜೋರಾಗಿ ಅತ್ತಳು. ಅಳುತ್ತಲೇ ಮೂರು ಬೆರಳು ಅದ್ದಿ ಆ ಅಂಗೈಯಗಲದ ಹಣೆಗೆ ಎಳೆದಳು. ಗೆರೆಗಳು ಸೊಟ್ಟಗೆ ಬಂದವು. ಒರೆಸಿ ಮತ್ತೆ ಹಚ್ಚುತ್ತೇನೆಂದು ಅವ್ವ ಸೆರಗಿನ ತುದಿ ಎತ್ತಿದರೆ ಅಕ್ಕ ಬಿಡಲಿಲ್ಲ.